ವಿಕ್ರೋಳಿಯಿಂದ ಹೋದ ಸೀರೆ

ಬೈಲುಮನೆ, ಕಾರ್ಕಳ ತಾಲೂಕು
20 ಜನವರಿ 1955

ದೂಜನಿಗೆ ಬೈಲುಮನೆಯ ವಾರಿಜಾ ಬರೆಯುವುದು.

ನಾನು ಯಾರೆಂದು ನಿನಗೆ ನೆನಪಿರಲಾರದು. ನೀನು ಊರು ಬಿಟ್ಟು ಓಡಿದಾಗ ನಾನು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದೆ. ಮೋನಪ್ಪ ಧನಿಗಳ ತಂಗಿಯ ಮಗಳು. ಈಗ ಅದೇ ಶಾಲೆಯಲ್ಲಿ ಟೀಚರು.

ಮಂಗಳೂರಿನ ಗೆಳತಿಯೊಬ್ಬಳು ಮುಂಬಯಿಯ ರಾತ್ರಿಶಾಲೆಯವರು ಹೊರತರುವ ಮಾಸಪತ್ರಿಕೆಯ ಕೆಲವು ಸಂಚಿಕೆ ಕೊಟ್ಟು, ‘ಇದು ನಿಮ್ಮ ಊರಿನ ಸುದ್ದಿಯ ಹಾಗೆ ಉಂಟಲ್ಲ ಮಾರಾಯ್ತಿ’ ಎಂದಳು. ‘ಮೂಲದಾಳಿನ ಮಾತು: ಬರೆದವರು ದೂಜ, ವಿಕ್ರೋಳಿ.’ ಒಂದೇ ಉಸಿರಿಗೆ ಓದಿದೆ. ನೀನು ಓದು ಕಲಿತದ್ದೇ ನನಗೆ ಗೊತ್ತಿರಲಿಲ್ಲ, ಇಷ್ಟು ಚೆಂದಕ್ಕೆ ಬರೆಯುವುದು ಇನ್ನೆಲ್ಲಿಂದ ಗೊತ್ತಾಗಬೇಕು! ನಮ್ಮ ಮನೆಯ ಹೆಸರು ಹಾಕದೆ ಬಿಟ್ಟದ್ದು ನಿನ್ನ ದೊಡ್ಡತನ. ಆದರೆ ಆಳುಗಳ ಹಟ್ಟಿ, ಕಣಜ, ಚಾವಡಿಯ ಮೆಟ್ಟಿಲು ಎಲ್ಲ ಇದ್ದ ಹಾಗೇ ಬರೆದರೆ ಹೆಸರು ಯಾಕೆ ಬೇಕು? ಒಂದು ತಿದ್ದುಪಡಿ. ಅಂಗಳದಲ್ಲಿ ಕೂತವರ ಅಡಿಕೆ ಹಾಳೆಗೆ ಮೇಲಿನಿಂದ ಗಂಜಿ ಸುರಿಯುವ ಹುಡುಗಿಯ ಬಗ್ಗೆ ಬರೆದಿದ್ದೀಯಲ್ಲ, ಅದು ನಾನಲ್ಲ. ನನ್ನ ಅಕ್ಕ.

ನಿನ್ನ ಅಕ್ಕ ಅಪ್ಪಿ ಚೆನ್ನಾಗಿದ್ದಾಳೆ. ನೀನು ಹೋಗುವಾಗ ಸೊಂಟದಲ್ಲಿದ್ದ ಅವಳ ಮಗಳು ತುಕ್ರುವಿಗೆ ಈ ಬೇಸಗೆಯಲ್ಲಿ ಮದುವೆ. ಕೊರಗ ಎಂಬ ಹುಡುಗ, ಗಟ್ಟಿ ಆಳು. ಅಪ್ಪಿಗೆ ಏನಾದರೂ ಹೇಳುವುದಿದ್ದರೆ ನನಗೆ ಬರೆ, ಓದಿ ಹೇಳುತ್ತೇನೆ.

ವಾರಿಜಾ

ವಿಕ್ರೋಳಿ, ಮುಂಬಯಿ
6 ಫೆಬ್ರವರಿ 1955

ವಾರಿಜಾ ಟೀಚರಿಗೆ ನಮಸ್ಕಾರ.

ಲಕೋಟೆಯ ಮೇಲೆ ಬೈಲುಮನೆ ಎಂದು ಕಂಡು ಒಡೆಯದೆ ಇಟ್ಟುಕೊಂಡೆ. ಪಕ್ಕದ ಖೋಲಿಯ ಈರಣ್ಣ ಬೆಳಗಾವಿ ಕಡೆಯವರು, ನನ್ನ ಜೊತೆ ಕಾರ್ಖಾನೆಯ ಬಣ್ಣದ ಖಾತೆಯಲ್ಲಿ ಕಪಾಟುಗಳಿಗೆ ಬಣ್ಣ ಹೊಡೆಯುವವರು. ‘ಏನಪಾ ದೂಜಣ್ಣ, ಹಾವು ಹಿಡದಾಂಗ ಹಿಡದು ಕುಂತೀಯಲ್ಲ, ಒಡದು ಓದು’ ಎಂದು ಬೈದ ಮೇಲೆ ಒಡೆದೆ.

ಗಂಜಿ ಸುರಿದವರು ನೀವಲ್ಲ ಎಂದಿರಿ. ಸರಿ. ಕೆಳಗೆ ಕೂತವನಿಗೆ ಮೇಲಿನವರ ಮುಖ ಕಾಣುತ್ತಿರಲಿಲ್ಲ, ಗಂಜಿ ಮಾತ್ರ ಕಾಣುತ್ತಿತ್ತು.

ಅಕ್ಕ ಬದುಕಿದ್ದಾಳೆಂದು ತಿಳಿದು ಅತ್ತೆ. ನಾಚಿಕೆಯೇನಿಲ್ಲ. ಇಷ್ಟು ವರ್ಷ ಯಾರನ್ನು ಕೇಳುವುದು, ಯಾವ ವಿಳಾಸಕ್ಕೆ ಬರೆಯುವುದು? ಹಟ್ಟಿಗೆ ಟಪ್ಪಾಲು ಹೋಗುವುದಿಲ್ಲ.

ಟೀಚರೇ, ನಿಮ್ಮಿಂದ ಒಂದೇ ಉಪಕಾರ ಬೇಕು. ಮೂಲದವರ ಮದುವೆ ನಡೆಯುವ ಕ್ರಮ ನೀವು ಮೇಲಿನಿಂದ ನೋಡಿದವರು, ನಾನು ಕೆಳಗಿನಿಂದ ನೋಡಿದವನು. ಧನಿ ಮನೆಯೆದುರಿನ ಎತ್ತರದ ಚಾವಡಿಯಲ್ಲಿ ನಿಂತು ಒಂದು ವೀಳ್ಯದೆಲೆಯೊಂದಿಗೆ ಸೀರೆಯನ್ನು ಕೆಳಗೆ ಬಿಡುತ್ತಾರೆ. ಮದುಮಗಳು ಅಂಗಳದಲ್ಲಿ ಸೆರಗೊಡ್ಡಿ ಹಿಡಿಯುತ್ತಾಳೆ. ಹಿಡಿದರೆ ಮುಗಿಯಿತು. ಮನೆಯ ದೈವವಾದ ಭೂತವೇ ಸಾಕ್ಷಿ. ಅವಳೂ ಅವಳ ಗಂಡನೂ ಹುಟ್ಟುವ ಮಕ್ಕಳೂ ಆ ಮನೆಯ ಮೂಲದಾಳುಗಳು. ಸಾಲವಾದರೆ ತೀರಿಸಬಹುದು, ಇದು ತೀರುವಂಥದ್ದಲ್ಲ. ನನಗೆ ಹೆಣ್ಣು ನೋಡುವ ಮಾತು ಬಂದ ದಿನವೇ ನಾನು ಓಡಿದ್ದು ಇದಕ್ಕೇ.

ತುಕ್ರು ಆ ಸೀರೆ ಹಿಡಿಯಬಾರದು. ನಮ್ಮಲ್ಲೂ ನಿಮ್ಮ ಹಾಗೆಯೇ ಅಳಿಯಕಟ್ಟು. ಅವಳ ಮೇಲೆ ಅಪ್ಪನಿಗಿಂತ ಸೋದರಮಾವನಿಗೇ ಹಕ್ಕು ಹೆಚ್ಚು. ಸೀರೆ ನಾನು ಕಳಿಸುತ್ತೇನೆ. ಮದುವೆಯಾದ ಮೇಲೆ ಕೊರಗ ಅವಳನ್ನು ಕರೆದುಕೊಂಡು ಇಲ್ಲಿಗೆ ಬರಲಿ. ಈರಣ್ಣನವರು ಮೇಸ್ತ್ರಿಯ ಹತ್ತಿರ ಮಾತಾಡಿದ್ದಾರೆ, ಅವನಿಗೆ ಕೆಲಸ ಉಂಟು. ಇದನ್ನು ಅಕ್ಕನಿಗೆ ಬಿಡಿಸಿ ಹೇಳಿ.

ದೂಜ

ಬೈಲುಮನೆ
2 ಮಾರ್ಚ್ 1955

ದೂಜ ಅವರಿಗೆ ವಂದನೆ.

‘ನೀವು’ ಎಂದು ಬರೆಯುವಾಗ ಕೈ ಸ್ವಲ್ಪ ತಡವರಿಸಿತು. ರೂಢಿಯಾದೀತು.

ನಿಮ್ಮ ಕಾಗದವನ್ನು ಅಪ್ಪಿಗೆ ಓದಿ ಹೇಳಿದೆ. ಶಾಲೆಯ ಹಿಂದಿನ ಕಟ್ಟೆಯ ಹತ್ತಿರ ನಿಂತುಕೊಂಡೇ ಕೇಳಿದಳು, ಕೂತುಕೊಳ್ಳೆಂದರೂ ಕೇಳಲಿಲ್ಲ. ನೀವು ಅತ್ತಿರೆಂದು ಓದಿದಾಗ, ‘ಅವನು ಸಣ್ಣದಿರುವಾಗಲೂ ಹಾಗೇ, ಮುಳ್ಳು ತಾಗಿದ್ರೂ ಊರು ಒಂದು ಮಾಡ್ತಿದ್ದ’ ಎಂದು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಸೀರೆಯ ವಿಷಯ ನೀವು ಬಹಳ ಮನಸ್ಸಿಗೆ ಹಚ್ಚಿಕೊಂಡಿದ್ದೀರಿ. ಈಗ ಕಾಲ ಬದಲಾಗಿದೆ. ಬಿಟ್ಟಿ ಚಾಕರಿ ಕೂಡದೆಂದು ಸಂವಿಧಾನದಲ್ಲೇ ಬರೆದಾಗಿದೆ, ನಾನು ಮಕ್ಕಳಿಗೆ ಪಾಠ ಮಾಡುತ್ತೇನೆ. ಇನ್ನು ಸೀರೆ ಕೊಟ್ಟರೇನು, ಬಿಟ್ಟರೇನು? ಆದರೂ ನಿಮ್ಮ ಮಾತಿಗೆ ಬೆಲೆ ಕೊಡುತ್ತೇನೆ. ಈ ಮದುವೆಗೆ ಬೈಲುಮನೆಯ ಸೀರೆ ಇಲ್ಲ. ಮೋನಪ್ಪ ಮಾವನನ್ನು ಒಪ್ಪಿಸುವುದು ನನ್ನ ಕೆಲಸ. ನೀವು ಪಾರ್ಸೆಲನ್ನು ನನ್ನ ಹೆಸರಿಗೆ ಕಳಿಸಿ. ಮದುವೆ ಮೇ ಎಂಟು, ಆದಿತ್ಯವಾರ. ನೀವೇ ಬಂದರೆ ಎಷ್ಟು ಚೆಂದ!

ವಾರಿಜಾ

ವಿಕ್ರೋಳಿ
10 ಏಪ್ರಿಲ್ 1955

ವಾರಿಜಾ ಟೀಚರಿಗೆ,

ಪಾರ್ಸೆಲು ಹೊರಟಿದೆ. ನಾನು ದಾದರಿಗೆ ಹೋಗಿ ಒಂದು ಸೀರೆ ಆರಿಸಿ ತಂದಿದ್ದೆ. ಈರಣ್ಣನವರ ಹೆಂಡತಿ ಮಲ್ಲವ್ವ ಅದನ್ನು ಬಿಚ್ಚಿ ನೋಡಿ, ‘ಹೆಂಗಸರ ಸೀರಿ ಗಂಡಸರು ಆರಿಸಿದ್ರ ಅದು ಉಡೂ ಸೀರಿ ಆಗೂದಿಲ್ಲ ಅಣ್ಣಾ, ಹೊದಿಯೂ ಚಾದರ ಆಗತೈತಿ’ ಎಂದು ಅಂಗಡಿಗೆ ವಾಪಸು ಕರೆದುಕೊಂಡು ಹೋದರು. ಇಳಕಲ್ ಸೀರೆ, ಕೆಂಪು ಸೆರಗು. ನಮ್ಮ ಸೀಮೆಯಲ್ಲಿ ಯಾವ ಧನಿಯೂ ಕೊಡುವ ಸೀರೆಯಲ್ಲ. ನೋಡಿದ ಕೂಡಲೇ ಇದು ಹೊರಗಿನದು, ಮಾವನದು ಎಂದು ಊರಿಗೆಲ್ಲ ಗೊತ್ತಾಗಬೇಕು. ಅದನ್ನು ಅಕ್ಕನ ಕೈಗೆ ಕೊಡಿ.

ಸಂವಿಧಾನದ ಮಾತು ಹೇಳಿದಿರಿ. ಇಲ್ಲಿ ನನ್ನ ಭಾಷಣಗಳಲ್ಲಿ ನಾನೂ ಹೇಳುತ್ತೇನೆ. ಆದರೆ ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಹುಟ್ಟಿದ್ದು ಸುಮ್ಮನೆ ಅಲ್ಲ. ಡೆಲ್ಲಿಯಲ್ಲಿ ಬರೆದದ್ದು ಬೈಲುಮನೆಯ ಅಂಗಳಕ್ಕೆ ಬಂದು ಮುಟ್ಟುವಾಗ ಅಕ್ಕನ ಮೊಮ್ಮಕ್ಕಳೂ ಮುದುಕರಾಗಿರುತ್ತಾರೆ.

ಮದುವೆಗೆ ಬರಲಾಗುವುದಿಲ್ಲ. ಕಾರ್ಖಾನೆಯಲ್ಲಿ ಕೆಲಸ ಜೋರು, ರಜೆ ಇಲ್ಲ. ಅಕ್ಕನಿಗೆ ಹಾಗೆಂದು ಹೇಳಿ.

ದೂಜ

ಬೈಲುಮನೆ
12 ಮೇ 1955

ದೂಜ ಅವರಿಗೆ ವಾರಿಜಾಳ ಪ್ರೀತಿಯ ವಂದನೆ.

ಮದುವೆ ಚೆನ್ನಾಗಿ ಆಯಿತು. ನಿಮಗೆ ಎಷ್ಟು ಸಂತೋಷವಾಗುತ್ತದೋ ಎಂದು ಎಣಿಸಿಕೊಂಡು, ಶಾಲೆಯ ಕೆಲಸವೆಲ್ಲ ಬದಿಗಿಟ್ಟು ಬರೆಯುತ್ತಿದ್ದೇನೆ.

ಮಾತು ಕೊಟ್ಟ ಹಾಗೆ ಬೈಲುಮನೆಯಿಂದ ಸೀರೆ ಕೊಡಲಿಲ್ಲ. ನಿಮ್ಮ ಸೀರೆಯೇ. ಅಷ್ಟೇ ಅಲ್ಲ, ಕೇಳಿ. ಮೋನಪ್ಪ ಮಾವ ಮೊದಲು ಹಾರಾಡಿದರು. ‘ಓಡಿಹೋದವನ ಸೀರೆ ನನ್ನ ಅಂಗಳದಲ್ಲಿ ಎಂತದ್ದು?’ ಎಂದರು. ನಾನು ಊಟ ಬಿಟ್ಟು ಕೂತೆ. ಕಡೆಗೆ ಅವರೇ ಸೋತರು. ಮೇ ಎಂಟು, ಮದುವೆಯ ದಿನ ಬೆಳಿಗ್ಗೆ ಇಡೀ ಊರಿನ ಎದುರು, ಚಾವಡಿಯಲ್ಲಿ ನಿಂತು, ನೀವು ಕಳಿಸಿದ ಸೀರೆಯನ್ನು ತಮ್ಮ ಕೈಯಾರೆ ತುಕ್ರುವಿಗೆ ಕೊಟ್ಟರು! ಬೈಲುಮನೆಯ ಧನಿ ಒಬ್ಬ ಮೂಲದವನು ದುಡಿದು ಕೊಂಡ ಬಟ್ಟೆಯನ್ನು ಮುಟ್ಟಿ, ಮರ್ಯಾದೆ ಮಾಡಿ ಕೊಟ್ಟದ್ದು ಈ ಊರಲ್ಲಿ ಹಿಂದೆಂದೂ ಇಲ್ಲ. ‘ಇದು ದೂಜ ಕಳಿಸಿದ್ದು’ ಎಂದು ಹೇಳಿಯೇ ಕೊಟ್ಟರು. ಕೆಂಪು ಸೆರಗನ್ನು ಕಂಡು ಹೆಂಗಸರೆಲ್ಲ ಹಾ ಎಂದರು. ತುಕ್ರು ಸೆರಗೊಡ್ಡಿ ಹಿಡಿದುಕೊಂಡಳು. ನನಗೆ ಕಣ್ಣು ತುಂಬಿ ಬಂತು.

ಇದನ್ನು ನಿಮ್ಮ ‘ಮೂಲದಾಳಿನ ಮಾತಿ’ನ ಮುಂದಿನ ಕಂತಿನಲ್ಲಿ ಖಂಡಿತ ಬರೆಯಬೇಕು.

ವಾರಿಜಾ

ವಿಕ್ರೋಳಿ
29 ಮೇ 1955

ಬೈಲುಮನೆಯ ದೆತ್ತಿಯವರಿಗೆ,

ಹಿಂದೆ ಒಡತಿಯೆಂದು ನಿಮ್ಮನ್ನು ಕರೆಯುತ್ತಿದ್ದ ಹಾಗೆಯೇ ಕರೆದಿದ್ದೇನೆ. ಬೇರೆ ಹೆಸರು ಸದ್ಯ ಬಾಯಿಗೆ ಬರುವುದಿಲ್ಲ.

ಚಾವಡಿಯಿಂದ ಕೊಟ್ಟರು, ಅವಳು ಅಂಗಳದಲ್ಲಿ ಸೆರಗೊಡ್ಡಿ ಹಿಡಿದಳು. ಇನ್ನೇನು ಉಳಿಯಿತು? ಸೀರೆ ಯಾರ ಅಂಗಡಿಯದ್ದಾದರೇನು? ಭೂತಕ್ಕೆ ಅಂಗಡಿಯ ಬಿಲ್ಲು ತೋರಿಸುವುದೇ? ನಾನು ಬಿಡಿಸುವುದಕ್ಕೆ ಕಳಿಸಿದ ಬಟ್ಟೆಯಿಂದಲೇ ಅವಳನ್ನು ಕಟ್ಟಿಹಾಕಿದಿರಿ. ಅದರ ಮೇಲೆ ಕಣ್ಣು ತುಂಬಿ ಬಂತೆಂದು ಬರೆಯುತ್ತೀರಿ. ಅಕ್ಕನ ಕೈಗೆ ಕೊಡಿ ಎಂದು ಬರೆದಿದ್ದೆ. ಅಷ್ಟು ಸಣ್ಣ ಮಾತು. ಆದರೆ ಮೂಲದವರಿಗೆ ಒಳ್ಳೆಯದು ಮಾಡುವುದಾದರೂ ಅದು ನಿಮ್ಮ ಚಾವಡಿಯ ಮೇಲಿನಿಂದಲೇ ಆಗಬೇಕು, ನಾಲ್ಕು ಜನ ನೋಡಬೇಕು.

ಕೊರಗನನ್ನು ಈಗಲೇ ಹೊರಡಿಸಿ. ಕೆಲಸ ಬಹಳ ದಿನ ಕಾಯುವುದಿಲ್ಲ.

ದೂಜ

ಬೈಲುಮನೆ
3 ಸೆಪ್ಟೆಂಬರ್ 1955

ದೂಜ ಅವರಿಗೆ,

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ನೀವು ಬೈದದ್ದು ಸರಿ. ನಾನು ತಿಳಿಯದೆ ಮಾಡಿದೆ, ತಿಳಿಯಬೇಕಿತ್ತು. ನಿಮ್ಮ ಮೊದಲ ಕಾಗದದಲ್ಲೇ ಎಲ್ಲ ಬಿಡಿಸಿ ಬರೆದಿದ್ದಿರಿ. ಅದನ್ನು ನಾನು ಹಳೆಯ ಕಾಲದ ಸುದ್ದಿಯ ಹಾಗೆ ಓದಿದೆ.

ಕೊರಗ ಹೊರಡುವುದಿಲ್ಲ. ನಾನೇ ಹೋಗಿ ಕೇಳಿದೆ. ‘ಸೀರೆ ಹಿಡಿದಾಗಿದೆ ದೆತ್ತೀ, ಇನ್ನು ಗಡಿ ದಾಟಿದ್ರೆ ಭೂತ ಸುಮ್ಮನೆ ಬಿಡ್ತದಾ?’ ಎಂದ. ಕಾನೂನು ಹೇಳಿದೆ. ಪಾಪ, ನನಗೆ ಬೇಸರವಾಗದಿರಲೆಂದು ತಲೆಯಾಡಿಸಿದ.

ಇನ್ನೊಂದು ಮಾತು ಆವಾಗ ಬರೆದಿರಲಿಲ್ಲ, ಈಗ ಬರೆಯುತ್ತೇನೆ. ಸೀರೆಯನ್ನು ಮೊದಲು ಅಪ್ಪಿಯ ಕೈಗೆ ಕೊಡಲು ಹೋಗಿದ್ದೆ. ಅವಳು ಹಿಂದೆ ಸರಿದಳು. ‘ಧನಿಗಳ ಕೈ ತಾಗದ ಸೀರೆ ಉಟ್ರೆ ಮಗಳಿಗೆ ಏನಾದ್ರೂ ಆದೀತು. ಅಥವಾ ಅವನೇ ಬಂದು ಕೊಡ್ಲಿ, ಮಾವ ಅಲ್ವಾ, ಅವನ ಕೈಯಾದ್ರೆ ಭೂತವೂ ಒಪ್ತದೆ’ ಎಂದಳು. ನಿಮಗೆ ರಜೆ ಇಲ್ಲ ಎಂದೆ. ಹಾಗಾದರೆ ಧನಿಗಳೇ ಕೊಡಲಿ ಎಂದಳು. ನನಗೆ ಅದೇ ದೊಡ್ಡ ಉಪಾಯದ ಹಾಗೆ ಕಂಡಿತು.

ಪತ್ರಿಕೆಯ ಜೂನ್ ಸಂಚಿಕೆ ಮೊನ್ನೆ ಕೈಗೆ ಬಂತು. ಮಾಟುಂಗದ ಸಭೆಯ ವರದಿ ಇದೆ. ‘ಈ ಭಾಷಣದ ಸಿದ್ಧತೆಗೆಂದೇ ಹದಿನೈದು ದಿನ ರಜೆ ಪಡೆದಿದ್ದ ಶ್ರೀ ದೂಜ ಅವರು ಮದುವೆ ಸೀರೆಯ ಕ್ರೂರ ಪದ್ಧತಿಯ ಬಗ್ಗೆ ಮಾತಾಡಿದಾಗ ಸಭಿಕರ ಕಣ್ಣು ಒದ್ದೆಯಾಯಿತು’ ಎಂದು ರಾತ್ರಿಶಾಲೆಯ ಸದಾನಂದ ಮಾಸ್ತರು ಬರೆದಿದ್ದಾರೆ. ಸಭೆ ನಡೆದದ್ದು ಮೇ ಎಂಟನೆಯ ತಾರೀಕು.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಅದಕ್ಕಿಂತ ಹೆಚ್ಚು ಹೇಳುವ ಯೋಗ್ಯತೆ ನನಗಿಲ್ಲ. ಅಪ್ಪಿಗೆ ಈ ವರದಿ ಓದಿ ಹೇಳಲಿಲ್ಲ. ಹೇಳುವುದೂ ಇಲ್ಲ.

ವಾರಿಜಾ

ಬೈಲುಮನೆ
17 ಫೆಬ್ರವರಿ 1957

ದೂಜ ಅವರಿಗೆ ವಂದನೆ.

ಒಂದೂವರೆ ವರ್ಷ ನೀವು ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಪತ್ರಿಕೆಯಲ್ಲೂ ನಿಮ್ಮ ಬರಹ ನಿಂತಿದೆ. ಅದಕ್ಕೆ ಕಾರಣ ನನ್ನ ಕಾಗದವೇ ಆಗಿದ್ದರೆ ನನಗೆ ದುಃಖವಿದೆ. ನೀವು ಬರೆಯಬೇಕು. ನನ್ನಂಥವರು ಸರಿಯಾಗಿ ಓದುವುದನ್ನು ಕಲಿಯುವವರೆಗಾದರೂ ಬರೆಯಬೇಕು.

ದೀಪಾವಳಿ ಕಳೆದ ಮೇಲೆ ಮೋನಪ್ಪ ಮಾವ ತೀರಿಕೊಂಡರು. ನನ್ನ ತಮ್ಮ ಮದ್ರಾಸಿನಲ್ಲಿ ವಕೀಲ, ಊರಿಗೆ ಬರುವವನಲ್ಲ. ಮನೆಯ ಯಜಮಾನಿಕೆ ನನ್ನ ಕೈಗೆ ಬಂದಿದೆ. ಹೋದ ವಾರ ಅಪ್ಪಿ ತುಕ್ರುವಿನ ಹೆಣ್ಣು ಮಗುವನ್ನು ತಂದು ಚಾವಡಿಯ ಕೆಳಗೆ ತೆಂಗಿನಕಾಯಿಯೊಂದಿಗೆ ಮಲಗಿಸಿದಳು. ಮಗು ಮನೆಯದ್ದು, ಧನಿ ಹೆಸರಿಡಬೇಕು ಎಂಬ ಕ್ರಮ. ಈಗ ಆ ಧನಿ ನಾನು.

ಇದೇ ಸಮಯವೆಂದು ಎಲ್ಲರ ಎದುರು ಗಟ್ಟಿಯಾಗಿ ಹೇಳಿದೆ: ‘ಇನ್ನು ಮೇಲೆ ನೀವು ಯಾರೂ ಈ ಮನೆಯವರಲ್ಲ. ಎಲ್ಲಿಗೆ ಬೇಕಾದರೂ ಹೋಗಬಹುದು.’ ಅಪ್ಪಿ ನನ್ನ ಮುಖವನ್ನೇ ನೋಡಿದಳು. ‘ನಾವು ಎಂತ ತಪ್ಪು ಮಾಡಿದ್ದೇವೆ ದೆತ್ತೀ? ಈ ಹಸಿ ಬಾಣಂತಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?’ ಎಂದು ಗೋಳೋ ಎಂದು ಅತ್ತಳು. ನಿಮ್ಮ ಹಟ್ಟಿ, ನಿಮ್ಮ ತುಂಡು ಗದ್ದೆ ನಿಮಗೇ ಇರಲಿ ಎಂದರೂ ನಂಬಲಿಲ್ಲ. ನಾನು ಅವರನ್ನು ಓಡಿಸುತ್ತಿದ್ದೇನೆಂದೇ ಎಲ್ಲರೂ ತಿಳಿದರು. ಈ ಸಲವೂ ನಾನು ಮೇಲೆಯೇ ನಿಂತು ಹೇಳಿದ್ದೆ.

ಸಂಜೆ ಹಟ್ಟಿಗೆ ಹೋಗಿ ಚಾಪೆಯ ಮೇಲೆ ಕೂತೆ. ತುಕ್ರು ಮಗುವಿಗೆ ಹಾಲು ಕೊಡುತ್ತ, ‘ಸೀರೆ ನಮ್ಮ ಮಾವನದ್ದು. ಮಾವ ಬಂದು, ಇದು ನಾನು ಕೊಟ್ಟದ್ದು ಅಂತ ಅಂಗಳದಲ್ಲಿ ಹೇಳಿದ್ರೆ ಆವಾಗ ಬೇರೆ ಮಾತು. ಆವಾಗ ಬೇಕಾದ್ರೆ ಬೊಂಬಾಯಿಗೂ ಹೋಗುವ’ ಎಂದಳು. ಕೊರಗನೂ ಹೂಂ ಎಂದ.

ದೂಜ ಅವರೇ, ಬನ್ನಿ. ಇದು ನನ್ನಿಂದ ಆಗುವ ಕೆಲಸವಲ್ಲ.

ವಾರಿಜಾ

ವಿಕ್ರೋಳಿ
26 ಮೇ 1957

ವಾರಿಜಾ ಟೀಚರಿಗೆ ನಮಸ್ಕಾರ.

ನಾನು ಊರಿಗೆ ಬಂದು ಹೋದದ್ದು ನಿಮಗೆ ತಿಳಿದಿರಬಹುದು. ನೀವು ಮದ್ರಾಸಿಗೆ ತಮ್ಮನ ಮನೆಗೆ ಹೋಗಿದ್ದಿರಂತೆ. ಒಂದು ಲೆಕ್ಕದಲ್ಲಿ ನೀವಿಲ್ಲದ್ದೇ ಒಳ್ಳೆಯದಾಯಿತು.

ಆ ವರ್ಷ ಮದುವೆಗೆ ಯಾಕೆ ಬರಲಿಲ್ಲ ಎಂದು ನೀವು ಕೇಳಲಿಲ್ಲ, ತಾರೀಕು ಮಾತ್ರ ಬರೆದಿರಿ. ನನಗೆ ಹೆದರಿಕೆ ಇತ್ತು. ಧನಿಗಳದ್ದಲ್ಲ. ಚಾವಡಿ ಕಂಡ ಕೂಡಲೇ ನನ್ನ ಬೆನ್ನು ತಾನಾಗಿ ಬಗ್ಗೀತು, ಅದನ್ನು ಅಕ್ಕನ ಮಗಳು ನೋಡಿಯಾಳು ಎಂಬ ಹೆದರಿಕೆ. ಮಾಟುಂಗದಲ್ಲಿ ವೇದಿಕೆ ಹತ್ತುವುದು ಅದಕ್ಕಿಂತ ಸುಲಭ.

ಬಸ್ಸಿನಿಂದ ಇಳಿದು ಗದ್ದೆಗಳ ನಡುವಿನ ಹುಣಿಯ ಮೇಲೆ ನಡೆದು ಬರುತ್ತಿದ್ದೆ. ಎದುರಿನಿಂದ ಹುಲ್ಲಿನ ಹೊರೆ ಹೊತ್ತ ಒಬ್ಬ ಹೆಂಗಸು. ನನ್ನ ಪ್ಯಾಂಟು, ಬೂಟು, ಕನ್ನಡಕ ಕಂಡು ದಾರಿ ಬಿಟ್ಟು ಕೆಸರಿಗೆ ಇಳಿದು ನಿಂತಳು. ‘ಅಡ್ಡ ಬಂದೆ ಧನೀ’ ಎಂದಳು. ನಾನು ದಾಟಿ ಮುಂದೆ ಹೋದೆ. ಹೋದ ಮೇಲೆ ಧ್ವನಿಯ ಗುರುತು ಹತ್ತಿತು. ತಿರುಗಿ ಓಡಿ, ‘ಅಕ್ಕಾ’ ಎಂದು ಕೆಸರಿಗೆ ಇಳಿದೆ. ಅವಳು ನನ್ನ ಬೂಟು ಹಾಳಾಯಿತಲ್ಲ ಎಂದು ಅತ್ತಳು.

ಮರುದಿನ ಬೆಳಿಗ್ಗೆ ಬೈಲುಮನೆಯ ಅಂಗಳದಲ್ಲಿ ನಿಂತು, ಬಂದ ಜನರೆದುರು, ಈ ಸೀರೆ ತುಕ್ರುವಿನ ಮಾವ ದೂಜ ಕೊಟ್ಟದ್ದು ಎಂದು ಹೇಳಿದೆ. ಬೆನ್ನು ಬಗ್ಗಲಿಲ್ಲ. ಅಕ್ಕ ನೆಲ ಮುಟ್ಟಿ ಭೂತದ ಗುಡಿಯ ಕಡೆಗೆ ಕೈ ಮುಗಿದಳು. ಒಬ್ಬರೂ ಎದುರಾಡಲಿಲ್ಲ. ಕೊರಗ ಆ ಸಂಜೆಯೇ ಗಂಟು ಕಟ್ಟಲು ಶುರುಮಾಡಿದ. ನಾನು ಗೆದ್ದೆ ಎಂದೇ ತಿಳಿದೆ.

ಹಟ್ಟಿಯ ಬಾಗಿಲಲ್ಲಿ ಮಗುವಿಗೆ ಎಣ್ಣೆ ಹಚ್ಚುತ್ತ ತುಕ್ರು ಕೇಳಿದಳು. ‘ಮಾವ, ಮದುವೆಗೆ ಯಾಕೆ ಬರ್ಲಿಲ್ಲ ನೀವು?’

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ನಿಜ ನಾಲಗೆಯ ತುದಿಗೆ ಬಂತು. ಆದರೆ ಆ ಬೆಳಿಗ್ಗೆ ಅವಳು ನನ್ನನ್ನು ನೋಡಿದ ನೋಟ ಇನ್ನೊಂದು ದಿನವಾದರೂ ಉಳಿಯಲಿ ಎಂಬ ಆಸೆ.

‘ರಜೆ ಸಿಗ್ಲಿಲ್ಲ ಮಗಾ’ ಎಂದೆ.

‘ಯಾರು ಕೊಡ್ಬೇಕು ರಜೆ?’

‘ಕಾರ್ಖಾನೆಯವರು.’

‘ಅಕ್ಕನ ಮಗಳ ಮದುವೆ ಅಂತ ಹೇಳಿದ್ರೂ ಬಿಡ್ಲಿಲ್ವಾ?’

‘ಇಲ್ಲ.’

ಅವಳು ಸ್ವಲ್ಪ ಹೊತ್ತು ಮಗುವಿನ ಕಾಲು ನೀವಿದಳು. ‘ಇಲ್ಲಿ ಧನಿಗಳು ಎಷ್ಟು ಜೋರಾದ್ರೂ ಮದುವೆಗೆ ಹೋಗ್ಬೇಡ ಅಂತ ಹೇಳಿದ್ದು ನಾನು ಕೇಳಿಲ್ಲ. ಅಲ್ಲಿನ ಧನಿ ಇಲ್ಲಿಯವರಿಗಿಂತ ದೊಡ್ಡವರು’ ಎಂದಳು. ಆಮೇಲೆ ಒಳಗೆ ತಿರುಗಿ ಗಂಡನನ್ನು ಕರೆದಳು. ‘ಗಂಟು ಬಿಚ್ಚಿ. ನಾವು ಎಲ್ಲಿಗೂ ಹೋಗುವುದಿಲ್ಲ.’

ಆಗಲೂ ಹೇಳಬಹುದಿತ್ತು. ಸಭೆಗಳಲ್ಲಿ ಗಂಟೆಗಟ್ಟಲೆ ಮಾತಾಡುವವನಿಗೆ, ರಜೆ ಇತ್ತು ಮಗಾ, ನಾನೇ ಬರಲಿಲ್ಲ ಎಂಬ ಒಂದು ಮಾತು ಹೊರಡಲಿಲ್ಲ. ಬಸ್ಸಿನವರೆಗೂ ಅವಳು ಮಗುವನ್ನೆತ್ತಿಕೊಂಡು ಬಂದಳು, ಆಗಲೂ ಹೊರಡಲಿಲ್ಲ. ‘ನೀವೂ ಹುಷಾರು ಮಾವ, ಅವರಿಗೆ ಸಿಟ್ಟು ಬರುವ ಹಾಗೆ ಮಾಡ್ಬೇಡಿ’ ಎಂದು ನನಗೆ ಬುದ್ಧಿ ಹೇಳಿ ಕಳಿಸಿದಳು.

ನಿಜವನ್ನು ನೀವೇ ಅವಳಿಗೆ ತಿಳಿಸಿ ಎಂದು ಬರೆಯಲು ಕೂತವನು ನಾನು. ಬೇಡ. ಆ ಕೆಲಸಕ್ಕೂ ನಿಮ್ಮನ್ನು ಕಳಿಸಿದರೆ ಮತ್ತೆ ಪಾರ್ಸೆಲು ಕಳಿಸಿದ ಹಾಗೆಯೇ ಆಗುತ್ತದೆ. ನಾನೇ ಬಂದು ಹೇಳಬೇಕು. ಇವತ್ತು ಮೇಸ್ತ್ರಿಯನ್ನು ಕೇಳಿದೆ. ಈ ವರ್ಷ ಇನ್ನು ರಜೆ ಇಲ್ಲವಂತೆ.

ದೂಜ